ನಮ್ಮನಿ ಟವೇರಾ ಮತ್ತು ಎರಡು ಸಲ ಬಂದು ಹೋದ ಕಂಪನಿ

ವಿಜಯಪುರದ ಗಾಂಧಿ ಚೌಕದಲ್ಲಿ ನಿಂತು ಗಾಡಿ ಎಣಿಸುವುದು ನಮಗೆ ಹಳೇ ಚಟ. ಸುದ್ದಿ ಇಲ್ಲದ ದಿನ ಚಹಾದ ಅಂಗಡಿ ಮುಂದೆ ನಿಂತು ಟಂಟಂ ಎಷ್ಟು ಹೋದವು, ಕ್ರೂಸರ್ ಎಷ್ಟು, ಬೊಲೆರೊ ಎಷ್ಟು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇವೆ. ಹೋದ ವಾರ ಒಂದು ತಾಸು ನಿಂತರೂ ಟವೇರಾ ಕಂಡಿದ್ದು ಒಂದೇ. ಅದರ ಮುಂದಿನ ಬಂಗಾರ ಬಣ್ಣದ ಕೂಡು ಗುರುತು ಕಿತ್ತುಹೋಗಿ, ಆ ಜಾಗದಲ್ಲಿ ಯಾರೋ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು.

ಹತ್ತು ಹನ್ನೆರಡು ವರ್ಷದ ಹಿಂದೆ ಹೀಗಿರಲಿಲ್ಲ. ಟಿಕೋಟಾ, ಬಬಲೇಶ್ವರ ಕಡೆಯ ಮದುವೆ ದಿಬ್ಬಣವಿರಲಿ, ಪಂಢರಪುರದ ಯಾತ್ರೆಯಿರಲಿ, ಬಾಣಂತಿಯನ್ನು ತವರಿಗೆ ಕರೆದೊಯ್ಯುವುದಿರಲಿ, ‘ಟವೇರಾ ಹೇಳ್ರಿ’ ಅನ್ನೋದೇ ಮಾತು. ಹತ್ತು ಮಂದಿ ಕೂರುವ ಗಾಡಿ. ನಮ್ಮ ಮಂದಿ ಹದಿನೈದು ಮಂದಿ ಕೂತು, ಮೇಲೆ ಗಂಟುಮೂಟೆ ಕಟ್ಟಿ, ಕಾಲಬುಡದಲ್ಲಿ ಬುತ್ತಿ ಇಟ್ಟುಕೊಂಡು ಹೋಗುತ್ತಿದ್ದರು.

ನಮ್ಮ ಮನೆಯಲ್ಲೂ ಒಂದಿತ್ತು. ಅದರ ಕತೆಯನ್ನೂ, ಅದನ್ನು ಮಾಡಿದ ಅಮೆರಿಕದ ಕಂಪನಿಯ ಕತೆಯನ್ನೂ ಇವತ್ತು ಹೇಳುತ್ತೇವೆ. ಎರಡರಲ್ಲೂ ಮುಚ್ಚಿಟ್ಟ ಒಂದು ಸಂಗತಿ ಇದೆ. ಕಂಪನಿಯದು ಲೋಕಕ್ಕೆಲ್ಲ ಗೊತ್ತಾಯಿತು. ನಮ್ಮದನ್ನು ನಾವು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

2011ರಲ್ಲಿ ಅಪ್ಪ ಒಣದ್ರಾಕ್ಷಿ ಮಾರಿದ ದುಡ್ಡು, ಅದಕ್ಕೆ ಸೊಸೈಟಿ ಸಾಲ ಸೇರಿಸಿ, 2008ರ ಮಾಡೆಲ್ಲಿನ ಬಿಳಿ ಟವೇರಾ ತಂದ. 3 ಲಕ್ಷ 40 ಸಾವಿರ. ಅದು ಅಣ್ಣನ ಸಲುವಾಗಿ. ಅಣ್ಣ ಹತ್ತನೇ ಇಯತ್ತೆಗೆ ಸಾಲಿ ಬಿಟ್ಟವನು, ಆದರೆ ಸ್ಟೇರಿಂಗ್ ಹಿಡಿದರೆ ಅವನನ್ನು ಮೀರಿಸುವವರಿಲ್ಲ. ನಾವು ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಒಂದು ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸಕ್ಕೆ ಹತ್ತಿದ್ದೆವು. ಬರುವ ಸಂಭಾವನೆ ಮೊಬೈಲ್ ರೀಚಾರ್ಜಿಗೆ ಸಾಲದು. ಮನೆ ನಡೆದಿದ್ದು ಟವೇರಾ ಗಾಲಿಯ ಮೇಲೆ.

ಗಾಡಿ ಒಂದು ದಿನವೂ ನಮಗೆ ಕೈಕೊಡಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇವೆ. ತುಳಜಾಪುರದ ಘಾಟು, ಸವದತ್ತಿ ಎಲ್ಲಮ್ಮನ ಗುಡ್ಡ, ಶಿರಡಿ, ಒಂದು ಸಲ ತಿರುಪತಿ. ಮೇಸ್ತ್ರಿ ಚಾಚಾ ಬಾನೆಟ್ ತೆಗೆದು, ‘ಬೇಟಾ, ಇದು ಜಪಾನಿ ಎಂಜಿನ್, ಎಣ್ಣಿ ಹಾಕಿ ನೋಡ್ಕೊಂಡ್ರ ನಿನ್ನ ಮಗನೂ ಹೊಡೀತಾನ’ ಅನ್ನುತ್ತಿದ್ದ. ಮಾತು ನಿಜವೇ. ಟವೇರಾ ಮೂಲದಲ್ಲಿ ಜಪಾನಿನ ಇಸುಝು ಕಂಪನಿಯ ಗಾಡಿಯ ವಿನ್ಯಾಸ. ಹೆಸರು ಮಾತ್ರ ಅಮೆರಿಕದ ಶೆವರ್ಲೆ. ಶೆವರ್ಲೆಯ ಒಡೆಯ ಜನರಲ್ ಮೋಟಾರ್ಸ್, ಚಿಕ್ಕದಾಗಿ ಜಿಎಂ.

ಆ ಜಿಎಂ ಹುಟ್ಟಿದ್ದು ಒಬ್ಬ ಕುದುರೆ ಗಾಡಿ ವ್ಯಾಪಾರಿಯ ಕೈಯಲ್ಲಿ. ವಿಲಿಯಂ ಡ್ಯುರಾಂಟ್ ಅಂತ ಅವನ ಹೆಸರು. ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ಊರಲ್ಲಿ 1886ರಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ಕುದುರೆ ಗಾಡಿ ಮಾಡಿ ಮಾರಲು ಶುರು ಮಾಡಿದ. ನಮ್ಮ ಕಡೆ ಬಡಿಗ, ಕಂಬಾರ ಸೇರಿ ಚಕ್ಕಡಿ ಮಾಡುವಂಥದೇ ಕೆಲಸ. ಡ್ಯುರಾಂಟ್ ಅದನ್ನು ದೊಡ್ಡ ಕಾರ್ಖಾನೆ ಮಾಡಿದ. ಕಾರುಗಳು ಬಂದವು. 1908ರಲ್ಲಿ ಜಿಎಂ ಕಟ್ಟಿ, ಒಂದೊಂದೇ ಕಾರು ಕಂಪನಿ ಕೊಂಡು ಅದಕ್ಕೆ ಕೂಡಿಸುತ್ತ ಹೋದ.

ಸಾಲ ಮಾಡಿ ಕೊಂಡಿದ್ದು ಹೆಚ್ಚಾಯಿತು. 1910ರಲ್ಲಿ ಬ್ಯಾಂಕಿನವರು ಅವನನ್ನು ಹೊರಗೆ ಹಾಕಿದರು. ಸುಮ್ಮನೆ ಕೂರುವ ಆಸಾಮಿಯಲ್ಲ. ಸ್ವಿಟ್ಜರ್‌ಲೆಂಡ್‌ನಲ್ಲಿ ಹುಟ್ಟಿದ ಲೂಯಿ ಶೆವರ್ಲೆ ಎಂಬ ರೇಸ್ ಓಟಗಾರನನ್ನು ಕೂಡಿಕೊಂಡು 1911ರಲ್ಲಿ ಅವನ ಹೆಸರಲ್ಲೇ ಹೊಸ ಕಂಪನಿ ತೆಗೆದ. ಆ ಕಂಪನಿ ಚಲೋ ನಡೆದು, ಅದರ ಬಲದಿಂದ 1916ರಲ್ಲಿ ಜಿಎಂ ಅನ್ನು ಮತ್ತೆ ಕೈಗೆ ತಗೊಂಡ. 1920ರಲ್ಲಿ ಮತ್ತೆ ಹೊರಬಿದ್ದ. 1936ರಲ್ಲಿ ದಿವಾಳಿ. ಲೋಕದ ಅತಿ ದೊಡ್ಡ ಕಾರು ಕಂಪನಿ ಕಟ್ಟಿದ ಮನುಷ್ಯ ಮುಪ್ಪಿನಲ್ಲಿ ಅದೇ ಫ್ಲಿಂಟ್‌ನಲ್ಲಿ ಬೌಲಿಂಗ್ ಆಟದ ಕಟ್ಟೆ ನಡೆಸಿದ. ಹೆಸರು ಕೊಟ್ಟ ಲೂಯಿ ಶೆವರ್ಲೆ ಅದಕ್ಕೂ ಮೊದಲೇ ಜಗಳಾಡಿ ಪಾಲು ಬಿಟ್ಟುಹೋಗಿದ್ದ. ಕಂಪನಿ ಬೆಳೆದಾಗ ಬಂದ ಐಶ್ವರ್ಯ ಅವನ ಪಾಲಿಗೆ ಬರಲಿಲ್ಲ.

ಕಂಪನಿ ಮಾತ್ರ ಏರಿತು. ಡ್ಯುರಾಂಟ್ ಹೋದ ಮೇಲೆ ಆಲ್ಫ್ರೆಡ್ ಸ್ಲೋನ್ ಎಂಬವನು ಅದಕ್ಕೆ ಒಂದು ನಿಚ್ಚಣಿಕೆ ಮಾಡಿಟ್ಟ. ಕೆಳಗಿನ ಮೆಟ್ಟಿಲು ಶೆವರ್ಲೆ, ಸಾಮಾನ್ಯರಿಗೆ. ಅದರ ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್. ಎಲ್ಲಕ್ಕಿಂತ ಮೇಲೆ ಕ್ಯಾಡಿಲಾಕ್, ಸಾಹುಕಾರರಿಗೆ. ಪಗಾರ ಹೆಚ್ಚಾದಂತೆ ಮನುಷ್ಯ ಒಂದೊಂದು ಮೆಟ್ಟಿಲು ಏರಬೇಕು, ಆದರೆ ನಿಚ್ಚಣಿಕೆ ಬಿಟ್ಟು ಹೋಗಬಾರದು. ಉಪಾಯ ಫಲಿಸಿತು. 1931ರಿಂದ 77 ವರ್ಷ ಜಗತ್ತಿನಲ್ಲಿ ಅತಿಹೆಚ್ಚು ಕಾರು ಮಾರಿದ ಕಂಪನಿ ಅದೇ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾದ ಎರಡು ಕಾರಿನಲ್ಲಿ ಒಂದು ಜಿಎಂದು.

ದುಡಿಯುವವರ ಬಾಳು ಮಾತ್ರ ತಾನಾಗಿ ಸುಧಾರಿಸಲಿಲ್ಲ. 1936ರ ಡಿಸೆಂಬರ್ 30ರಂದು ಫ್ಲಿಂಟ್ ಕಾರ್ಮಿಕರು ಕಾರ್ಖಾನೆ ಒಳಗೇ ಕೂತುಬಿಟ್ಟರು. ಹೊರಗೆ ಹೋದರೆ ಬೇರೆಯವರನ್ನು ತಂದು ಕೆಲಸ ಮಾಡಿಸುತ್ತಾರೆ, ಅದಕ್ಕೇ ಯಂತ್ರದ ಬಳಿಯೇ ಮಲಗಿದರು. 44 ದಿನ. ಕಂಪನಿ ಕೊನೆಗೆ ಅವರ ಸಂಘವನ್ನು ಒಪ್ಪಿಕೊಂಡಿತು. ಆಮೇಲೆ ಒಳ್ಳೆ ಪಗಾರ, ಪಿಂಚಣಿ, ದವಾಖಾನೆ ಖರ್ಚು ಎಲ್ಲ ಒಂದೊಂದಾಗಿ ಬಂತು.

ಈ ಕಂಪನಿ ನಮ್ಮ ದೇಶಕ್ಕೆ ಬಂದಿದ್ದು ಟವೇರಾ ಜೊತೆಗಲ್ಲ. ಅದಕ್ಕೂ ಬಹಳ ಮೊದಲು, 1928ರಲ್ಲಿ. ಮುಂಬೈನ ಶಿವಡಿಯಲ್ಲಿ ಕಾರ್ಖಾನೆ ತೆರೆದು, ಹಡಗಿನಲ್ಲಿ ಬಂದ ಬಿಡಿಭಾಗ ಜೋಡಿಸಿ ಕಾರು, ಲಾರಿ ಹೊರಗೆ ಬಿಟ್ಟರು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ನಮ್ಮ ಮುತ್ಯಾ ತಾನು ಹುಡುಗನಾಗಿದ್ದಾಗ ಕಂಡ ಮೋಟಾರನ್ನು ‘ಶವರಲೇಟು’ ಅನ್ನುತ್ತಿದ್ದ. ಅದು ಬಂದರೆ ಎತ್ತು ಬೆದರುತ್ತವೆ ಅಂತ ಚಕ್ಕಡಿಯನ್ನು ಹೊಲದೊಳಗೆ ಇಳಿಸುತ್ತಿದ್ದರಂತೆ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಒಂದು ಗೆರೆ ಎಳೆಯಿತು. ಬಿಡಿಭಾಗ ತಂದು ಬರೀ ಜೋಡಿಸಿದರೆ ಆಗದು, ಇಲ್ಲೇ ತಯಾರಿಸಬೇಕು, ಆಗದವರು ಅಂಗಡಿ ಮುಚ್ಚಬೇಕು. ಜಿಎಂ 1954ರಲ್ಲಿ ಮುಂಬೈ ಕಾರ್ಖಾನೆ ಮುಚ್ಚಿ ಹೊರಟಿತು. ಫೋರ್ಡ್ ಕೂಡ ಅದೇ ಕಾಲಕ್ಕೆ ಹೋಯಿತು. ಅದು ಮೊದಲನೇ ಸಲ.

ಎರಡನೇ ಸಲ ಬಂದಿದ್ದು ಉದಾರೀಕರಣ ಆದ ಮೇಲೆ, 1994ರಲ್ಲಿ, ಹಿಂದುಸ್ತಾನ್ ಮೋಟಾರ್ಸ್ ಜೊತೆ ಪಾಲುದಾರಿಕೆಯಲ್ಲಿ. ಗುಜರಾತಿನ ಹಾಲೋಲ್‌ನಲ್ಲಿ ಓಪೆಲ್ ಹೆಸರಿನ ಕಾರು ಮಾಡಿತು. ಆಮೇಲೆ ಪಾಲುದಾರರನ್ನು ಬಿಟ್ಟು ಒಂಟಿಯಾಯಿತು. 2003ರಲ್ಲಿ ಶೆವರ್ಲೆ ಹೆಸರು ತಂದಿತು, 2004ರಲ್ಲಿ ಟವೇರಾ ಬಂತು, 2008ರಲ್ಲಿ ಪುಣೆ ಸಮೀಪದ ತಳೇಗಾಂವ್‌ನಲ್ಲಿ ಎರಡನೇ ಕಾರ್ಖಾನೆ. ಬೆಂಗಳೂರಿನಲ್ಲಿ ಎಂಜಿನಿಯರುಗಳ ತಾಂತ್ರಿಕ ಕೇಂದ್ರ. ನಮ್ಮ ಕಡೆಯ ಐಟಿಐ ಹುಡುಗರು ತಳೇಗಾಂವ್, ಚಾಕಣ ಅಂತ ಬಸ್ಸು ಹತ್ತಿದ್ದು ಆ ಹೊತ್ತಿನಲ್ಲೇ.

ವಿಚಿತ್ರ ನೋಡಿ. ಇಲ್ಲಿ ಹೊಸ ಕಾರ್ಖಾನೆ ತೆರೆಯುವ ಹೊತ್ತಿಗೆ ಅಲ್ಲಿ ತಾಯಿಮನೆ ಕುಸಿಯುತ್ತಿತ್ತು. 1973ರಲ್ಲಿ ತೈಲದ ಬೆಲೆ ಒಮ್ಮೆಲೇ ಏರಿದಾಗ ಅಮೆರಿಕದವರಿಗೆ ಕಡಿಮೆ ಪೆಟ್ರೋಲ್ ಕುಡಿಯುವ ಸಣ್ಣ ಕಾರು ಬೇಕಾದವು. ಜಪಾನಿನವರ ಬಳಿ ಅವು ಸಿದ್ಧವಿದ್ದವು. ಜಿಎಂ ದೊಡ್ಡ ಗಾಡಿಯ ಲಾಭಕ್ಕೆ ಒಗ್ಗಿಹೋಗಿತ್ತು. ಮಾಡಿದ ಸಣ್ಣ ಕಾರುಗಳಿಗೆ ಜಪಾನಿನ ಗಟ್ಟಿತನ ಬರಲಿಲ್ಲ. ಸ್ಲೋನ್ ಕಟ್ಟಿದ ನಿಚ್ಚಣಿಕೆಯ ಮೆಟ್ಟಿಲುಗಳು ಒಂದನ್ನೊಂದು ಹೋಲತೊಡಗಿದವು. ಹೆಸರು ಬೇರೆ, ಒಳಗೆ ಅದೇ ಕಾರು. ನಿವೃತ್ತರ ಪಿಂಚಣಿ, ದವಾಖಾನೆ ಹೊರೆ ಏರುತ್ತಿತ್ತು, ಅದನ್ನು ಹೊರಬೇಕಾದ ಮಾರಾಟ ಇಳಿಯುತ್ತಿತ್ತು.

2008ರಲ್ಲಿ ಟೊಯೊಟಾ ಮೊದಲ ಸ್ಥಾನ ಕಸಿದುಕೊಂಡಿತು. ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಬಿದ್ದವು. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು. ಸರ್ಕಾರ ಸುಮಾರು 5,000 ಕೋಟಿ ಡಾಲರ್ ಹಾಕಿ ಎತ್ತಿ ನಿಲ್ಲಿಸಿತು. ಆಮೇಲೆ ಪಾಲು ಮಾರಿದಾಗ 1,000 ಕೋಟಿ ಡಾಲರಿಗೂ ಹೆಚ್ಚು ಹಣ ವಾಪಸ್ ಬರಲಿಲ್ಲ. ಅದು ಅಲ್ಲಿನ ತೆರಿಗೆದಾರರ ದುಡ್ಡು. ಪಾಂಟಿಯಾಕ್ ಹೆಸರು ಅಳಿಯಿತು. ಓಲ್ಡ್ಸ್‌ಮೊಬೀಲ್ ಅದಕ್ಕೂ ಮುಂಚೆಯೇ ಹೋಗಿತ್ತು.

ಇದೆಲ್ಲ ನಮಗೆ ಆಗ ಗೊತ್ತಿರಲಿಲ್ಲ. ದಿವಾಳಿಯಾದ ಎರಡು ವರ್ಷಕ್ಕೆ ನಾವು ಅದೇ ಕಂಪನಿಯ ಗಾಡಿಗೆ ಊರ ಹನುಮಪ್ಪನ ಗುಡಿ ಮುಂದೆ ತೆಂಗಿನಕಾಯಿ ಒಡೆದಿದ್ದೆವು.

ನಾವು ಮುಚ್ಚಿಟ್ಟ ಮಾತು ಈಗ ಬರುತ್ತದೆ.

2013ರ ಜುಲೈ. ಆಷಾಢ ಏಕಾದಶಿಯ ಪಂಢರಪುರ ಬಾಡಿಗೆ ಮುಗಿದು ಅಣ್ಣ ಮೈಕೈ ನೋವು ಅಂತ ಮಲಗಿದ್ದ. ಸುದ್ದಿ ಬಂತು. ಟವೇರಾ ಗಾಡಿಗಳನ್ನು ಜಿಎಂ ವಾಪಸ್ ಕರೆಯುತ್ತಿದೆ. ಒಂದಲ್ಲ ಎರಡಲ್ಲ, 1 ಲಕ್ಷ 14 ಸಾವಿರ. 2005ರಿಂದ 2013ರವರೆಗೆ ತಯಾರಾದವು. ಹೊಗೆ ತಪಾಸಣೆಯಲ್ಲಿ ಕಂಪನಿಯ ಕೆಲ ನೌಕರರು ನಿಯಮ ಮುರಿದಿದ್ದಾರೆ. ತಪಾಸಣೆಗೆ ಹೋಗುವ ಎಂಜಿನ್ನುಗಳೇ ಬೇರೆ, ಮಂದಿಗೆ ಮಾರುವ ಗಾಡಿಯ ಎಂಜಿನ್ನುಗಳೇ ಬೇರೆ ಎನ್ನುವಂತೆ ನಡೆದಿದೆ. ಕಂಪನಿಯೇ ಸರ್ಕಾರಕ್ಕೆ ಹೇಳಿಕೊಂಡಿತು, ಹಲವರನ್ನು ಕೆಲಸದಿಂದ ತೆಗೆಯಿತು. ಓಡಿಸುವವರ ಜೀವಕ್ಕೆ ಅಪಾಯವಿಲ್ಲ, ಇದು ಹೊಗೆಯ ವಿಚಾರ ಅಂತಲೂ ಹೇಳಿತು.

ಡೆಸ್ಕಿನಿಂದ ಫೋನ್ ಬಂತು. ‘ನಿಮ್ಮ ಜಿಲ್ಲೆಯಲ್ಲಿ ಟವೇರಾ ಬಾಡಿಗೆ ಗಾಡಿಗಳು ಎಷ್ಟಿವೆ, ಮಾಲೀಕರು ಏನಂತಾರೆ, ಒಂದು ಸಣ್ಣ ವರದಿ ಕಳಿಸಿ.’

ನಮಗೆ ಇದಕ್ಕಿಂತ ಸುಲಭದ ವರದಿ ಇರಲಿಲ್ಲ. ಮಾಲೀಕರು ಮನೆಯಲ್ಲೇ ಮಲಗಿದ್ದರು. ಎಬ್ಬಿಸಿ ಹೇಳಿದೆವು. ಅಣ್ಣ ಎದ್ದು ಕೂತ.

‘ಇದನ್ನ ಪೇಪರಿಗಿ ಹಾಕ್ತಿಯೇನು?’

‘ಹಾಕಬೇಕಲ್ಲ. ಕೇಳ್ಯಾರ.’

‘ಶ್ರಾವಣದ ಬಾಡಿಗಿ ಆರು ಹಿಡದೀನಿ. ಟವೇರಾ ವಾಪಸ್ ಕರದಾರ ಅಂತ ಓದಿದ್ರ ಮಂದಿ ಹೊಗಿ ಗಿಗಿ ಅಂತ ನೋಡೂದಿಲ್ಲ. ಗಾಡಿ ಕೆಟ್ಟದ್ದು ಅಂತಾರ. ಕ್ರೂಸರಿಗಿ ಹೋಗ್ತಾರ. ಸೊಸೈಟಿ ಕಂತ ನಿನ್ನ ಪೇಪರ್ ಕಟ್ತದೇನು?’

ನಾವು ಡೆಸ್ಕಿಗೆ ಫೋನ್ ಮಾಡಿ, ಇಲ್ಲಿ ಟವೇರಾ ಹೆಚ್ಚಿಲ್ಲ ಸರ್, ಮಾತಾಡುವವರು ಸಿಗಲಿಲ್ಲ ಅಂದೆವು. ಆ ದಿನ ಗಾಂಧಿ ಚೌಕದಲ್ಲಿ ನಮ್ಮ ಕಣ್ಣಿಗೆ ಬಿದ್ದ ಟವೇರಾ ಏಳು. ಶ್ರಾವಣದ ಆರೂ ಬಾಡಿಗೆ ಆದವು. ಕಂತು ಕಟ್ಟಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ‘ಸಿಗಲಿಲ್ಲ ಸರ್’ ಅನ್ನುವ ಮಾತು ಹಲ್ಲಿನ ಸಂದಿಯ ಅಡಕೆ ಚೂರಿನಂತೆ ಉಳಿಯಿತು. ವಾಪಸ್ ಕರೆದ ಸುದ್ದಿ ಉಳಿದ ಆರು ಗಾಡಿಯವರಿಗೆ ಆ ದಿನ ಗೊತ್ತಿತ್ತೋ ಇಲ್ಲವೋ. ತಿಳಿಸಬೇಕಾದವರು ನಾವಾಗಿದ್ದೆವು.

ಮರುವರ್ಷ, 2014ರ ಫೆಬ್ರವರಿಯಲ್ಲಿ, ಅಮೆರಿಕದಲ್ಲೇ ದೊಡ್ಡದು ಹೊರಬಂತು. ಜಿಎಂನ ಕೆಲವು ಸಣ್ಣ ಕಾರುಗಳಲ್ಲಿ ಬೀಗದ ಕೈ ತಿರುಗಿಸುವ ಸ್ವಿಚ್ ಸಡಿಲವಾಗಿತ್ತು. ಗುದ್ದು ಬಿದ್ದರೆ, ಬೀಗದ ಕೈ ಗೊಂಚಲು ಭಾರವಾದರೆ, ಓಡುವ ಕಾರು ಇದ್ದಕ್ಕಿದ್ದಂತೆ ಬಂದ್. ಬಂದ್ ಆದರೆ ಜೀವ ಉಳಿಸುವ ಏರ್‌ಬ್ಯಾಗೂ ತೆರೆಯದು. ಸುಮಾರು 26 ಲಕ್ಷ ಕಾರು ವಾಪಸ್ ಕರೆದರು. ಪರಿಹಾರ ಕೊಡಲು ಕಂಪನಿಯೇ ಇಟ್ಟ ನಿಧಿ ಒಪ್ಪಿಕೊಂಡ ಸಾವುಗಳೇ 124. 2015ರಲ್ಲಿ ಅಮೆರಿಕ ಸರ್ಕಾರದ ಜೊತೆ ಪ್ರಕರಣ ಇತ್ಯರ್ಥ ಮಾಡಿಕೊಳ್ಳಲು 90 ಕೋಟಿ ಡಾಲರ್ ಕಟ್ಟಿದರು.

ಆ ಸ್ವಿಚ್ಚಿನ ಬೆಲೆ ಎಷ್ಟು ಅಂತೀರಿ? ಒಂದು ಡಾಲರಿಗಿಂತ ಕಡಿಮೆ. ಸ್ವಿಚ್ ಸರಿಯಿಲ್ಲ ಅನ್ನುವುದು ಕಂಪನಿಯ ಒಳಗೆ ಕೆಲವರಿಗೆ ಹತ್ತು ವರ್ಷದಿಂದ ಗೊತ್ತಿತ್ತು. ಒಬ್ಬ ಎಂಜಿನಿಯರ್ ಇನ್ನೊಬ್ಬನ ಕಡೆ ತಳ್ಳಿದ, ಒಂದು ಸಮಿತಿ ಇನ್ನೊಂದಕ್ಕೆ ಸಾಗಹಾಕಿತು. ಎಲ್ಲರೂ ತಲೆ ಆಡಿಸಿದರು, ಯಾರೂ ಹೊರಗೆ ಹೇಳಲಿಲ್ಲ.

ಆಗಷ್ಟೇ ಕಂಪನಿಯ ಮುಖ್ಯಸ್ಥೆಯಾಗಿದ್ದವರು ಮೇರಿ ಬಾರಾ. ಅಪ್ಪ ಅದೇ ಕಂಪನಿಯ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕಾರ್ಮಿಕ. ಮಗಳು 18ನೇ ವಯಸ್ಸಿಗೆ ಅಲ್ಲೇ ಕೆಲಸಕ್ಕೆ ಸೇರಿ ತುದಿ ಮುಟ್ಟಿದವರು. ಕುರ್ಚಿಯಲ್ಲಿ ಕೂತ ಕೆಲವೇ ವಾರಕ್ಕೆ ಸಂಸತ್ತಿನ ಮುಂದೆ ನಿಂತು, ಸತ್ತವರ ಮನೆಯವರ ಎದುರಿಗೆ, ಕ್ಷಮೆ ಕೇಳಬೇಕಾಯಿತು.

ಇದನ್ನು ಓದಿದ ದಿನ ನಮಗೆ ಅನಿಸಿದ್ದು ಇಷ್ಟು. ನಾವು ಕಂಪನಿ ಬೀಳುವುದಕ್ಕೆ ಜಪಾನ್ ಕಾರಣ, ತೈಲ ಕಾರಣ, ಬ್ಯಾಂಕ್ ಕಾರಣ ಅನ್ನುತ್ತೇವೆ. ಅವೆಲ್ಲ ನಿಜ. ಆದರೆ ಅದರ ಒಳಗೆ ಇನ್ನೊಂದು ರೋಗ ಇತ್ತು. ಸಣ್ಣ ತಪ್ಪನ್ನು ಸಣ್ಣದಿರುವಾಗಲೇ ಹೇಳದಿರುವುದು. ಹೇಳಿದರೆ ಈ ತಿಂಗಳ ಲೆಕ್ಕ ಕೆಡುತ್ತದೆ. ಹೇಳದಿದ್ದರೆ ಕೆಡುವುದು ಮುಂದೆ ಎಂದೋ, ಬೇರೆ ಯಾರದೋ. ಶ್ರಾವಣದ ಆರು ಬಾಡಿಗೆ ನಮಗೆ ನೆನಪಾದವು.

2015ರಲ್ಲಿ ಜಿಎಂ ಭಾರತದಲ್ಲಿ ಇನ್ನೂ 100 ಕೋಟಿ ಡಾಲರ್ ಹೂಡುತ್ತೇವೆ ಅಂತ ಘೋಷಿಸಿತು. ಎರಡೇ ವರ್ಷ. 2017ರ ಮೇ ತಿಂಗಳಲ್ಲಿ, ವರ್ಷಾಂತ್ಯಕ್ಕೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸುತ್ತೇವೆ ಅಂದಿತು. ಆ ಹೊತ್ತಿಗೆ ದೇಶದಲ್ಲಿ ನೂರು ಕಾರು ಮಾರಾಟವಾದರೆ ಅದರಲ್ಲಿ ಒಂದು ಕೂಡ ಪೂರಾ ಜಿಎಂದಲ್ಲ. ಹಾಲೋಲ್ ಕಾರ್ಖಾನೆ ಚೀನಾ ಕಂಪನಿಯ ಕೈಗೆ ಹೋಗಿ, ಈಗ ಅಲ್ಲಿ ಎಂಜಿ ಹೆಸರಿನ ಕಾರು ಬರುತ್ತವೆ. ತಳೇಗಾಂವ್‌ನಲ್ಲಿ ಹೊರದೇಶಕ್ಕೆ ಕಳಿಸುವ ಕಾರು ಇನ್ನೂ ಮೂರು ವರ್ಷ ತಯಾರಾದವು. 2020ರ ಡಿಸೆಂಬರಿನಲ್ಲಿ ಅದೂ ನಿಂತಿತು. ಕೆಲಸ ಕಳೆದುಕೊಂಡ ಸಾವಿರಕ್ಕೂ ಹೆಚ್ಚು ಕಾರ್ಮಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಟ್ಟಡ, ಯಂತ್ರ ಈಗ ಹ್ಯುಂಡೈ ಕಂಪನಿಯದು. 1954ರಲ್ಲಿ ಒಂದು ಸಲ, ಈಗ ಇನ್ನೊಂದು ಸಲ.

ನಮ್ಮ ಸೋದರಮಾವನ ಮಗ ಆ ಭಾಗದ ಒಂದು ಸಣ್ಣ ಬಿಡಿಭಾಗದ ಶೆಡ್ಡಿನಲ್ಲಿ ಗುತ್ತಿಗೆ ಮೇಲೆ ಇದ್ದ. ದೊಡ್ಡ ಕಾರ್ಖಾನೆಯವರಿಗೆ ಸಂಘವಾದರೂ ಇತ್ತು, ವಕೀಲರು ಇದ್ದರು, ಪೇಪರಿನಲ್ಲಿ ಫೋಟೊ ಬಂತು. ಇವನಿಗೆ ಬಂದಿದ್ದು ಗುತ್ತಿಗೆದಾರನ ಒಂದು ವಾಟ್ಸಾಪ್ ಸಂದೇಶ, ನಾಳೆಯಿಂದ ಬರಬೇಡಿ ಅಂತ. ಈಗ ದ್ರಾಕ್ಷಿ ಚಾಟಣಿ ಕಾಲಕ್ಕೆ ತೋಟದಲ್ಲಿ ಕತ್ತರಿ ಹಿಡಿಯುತ್ತಾನೆ. ಬಳ್ಳಿಯಲ್ಲಿ ಯಾವ ಕಣ್ಣು ಉಳಿಸಬೇಕು, ಯಾವುದು ತೆಗೆಯಬೇಕು ಅಂತ ಚೆನ್ನಾಗಿ ಕಲಿತಿದ್ದಾನೆ. ‘ಅಲ್ಲಿ ದಿನಾ ಒಂದೇ ಬೋಲ್ಟ್ ಬಿಗೀತಿದ್ದೆ. ಅದು ಯಾವ ಕಾರಿಗಿ ಹೋಗ್ತದ ಅಂತನೂ ಗೊತ್ತಿರಲಿಲ್ಲ’ ಅಂತ ಒಮ್ಮೆ ಹೇಳಿದ.

ಕಂಪನಿ ಹೋಗುತ್ತದೆ ಅನ್ನುವ ಸುದ್ದಿ ಗಾಂಧಿ ಚೌಕಕ್ಕೂ ಬಂತು. ಬಿಡಿಭಾಗ, ಸರ್ವಿಸ್ ಮುಂದುವರಿಸುತ್ತೇವೆ ಅಂತ ಕಂಪನಿ ಹೇಳಿತ್ತು. ಆದರೆ ಹಳೇ ಗಾಡಿ ಕೊಳ್ಳುವವನ ಮನಸ್ಸು ದನದ ಸಂತೆಯಲ್ಲಿ ನಿಂತ ರೈತನ ಮನಸ್ಸಿನಂತೆ, ಒಬ್ಬ ಹಿಂದೆ ಸರಿದರೆ ಎಲ್ಲರೂ ಸರಿಯುತ್ತಾರೆ. ನಮ್ಮ ಟವೇರಾಕ್ಕೂ ಹತ್ತು ವರ್ಷವಾಗಿತ್ತು. 2018ರಲ್ಲಿ ಅಣ್ಣ ಮಾರಲು ನಿಂತ.

ದಲಾಲಿ ಬಂದು ಗಾಡಿ ಸುತ್ತಿ ನೋಡಿ, ಒಳಗೆ ಕೂತು ಮೀಟರ್ ನೋಡಿದ. 3 ಲಕ್ಷ 82 ಸಾವಿರ ಕಿಲೋಮೀಟರ್.

‘ಇಷ್ಟ ಓಡಿದ್ದು ತೋರಿಸಿದ್ರ 1 ಲಕ್ಷ 45ರ ಮ್ಯಾಲ ಯಾರೂ ಬರೂದಿಲ್ರಿ. ಅರ್ಧ ತಾಸಿನ ಕೆಲಸ, ಒಂದ ಸಾವಿರ ಖರ್ಚ. 1 ಲಕ್ಷ 40 ಸಾವಿರ ಓಡಿದ್ದು ಅಂತ ಮಾಡಿಬಿಡೂಣು. 1 ಲಕ್ಷ 85 ನಾ ಕೊಡಿಸ್ತೀನಿ.’

ಅಣ್ಣ ನಮ್ಮ ಮುಖ ನೋಡಲಿಲ್ಲ. ‘ಮಾಡ್ರಿ’ ಅಂದ.

ಎರಡು ದಿನಕ್ಕೆ ಗಿರಾಕಿ ಬಂದ. ಬಬಲೇಶ್ವರ ಕಡೆಯ ಹುಡುಗ, ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು. ಜೊತೆಗೆ ಅವನ ಅವ್ವ. ಗಾಡಿ ಕೊಳ್ಳಲು ಅವ್ವನನ್ನು ಕರೆತಂದವರನ್ನು ನಾವು ಅದೇ ಮೊದಲು ಕಂಡಿದ್ದು. ಆಕೆ ಗಾಡಿ ನೋಡಲಿಲ್ಲ, ಅಣ್ಣನ ಮುಖ ನೋಡುತ್ತಿದ್ದಳು. ಕೊರಳಲ್ಲಿ ಕರಿಮಣಿ ಬಿಟ್ಟರೆ ಬಂಗಾರದ ಎಳೆ ಇರಲಿಲ್ಲ. ಎಲ್ಲಿ ಹೋಗಿದೆ ಅಂತ ಕೇಳಬೇಕಾಗಿರಲಿಲ್ಲ.

‘ಯಪ್ಪಾ, ನಮ್ಮ ಹುಡುಗಗ ಗಾಡೀದು ತಿಳಿಯೂದಿಲ್ಲ. ನೀ ಅಣ್ಣ ಇದ್ದಾಂಗ. ಎಷ್ಟ ವರ್ಷ ಬರತದ ಹೇಳು.’

ಅಣ್ಣ ಬಾಯಿ ತೆರೆಯುವ ಮುಂಚೆ ನಾವು ಹೇಳಿಬಿಟ್ಟೆವು. ‘ಅವ್ವಾರ, ಮೀಟರ್‌ನ್ಯಾಗ ಇದ್ದದ್ದು ಖರೇ ಅಲ್ಲ. 3 ಲಕ್ಷ 82 ಸಾವಿರ ಓಡ್ಯದ. ಎಂಜಿನ್ ಚಲೋ ಅದ, ಆದ್ರ ಮುಂದಿನ ವರ್ಷ ದೊಡ್ಡ ಕೆಲಸ ಬರಬಹುದು. ಈ ಗಾಡಿ ಮಾಡೂ ಕಂಪನಿ ಇಲ್ಲಿ ಮಾರೂದು ನಿಲ್ಲಿಸ್ಯದ, ಅದನ್ನೂ ತಿಳಕೊಂಡು ತಗೋರಿ.’

ದಲಾಲಿ ಬೀಡಿ ಎಸೆದು ಎದ್ದುಹೋದ. ಅಣ್ಣನ ಕಿವಿ ಕೆಂಪಾಗಿದ್ದವು. ಹುಡುಗ ಅವ್ವನ ಜೊತೆ ಪಕ್ಕಕ್ಕೆ ಹೋಗಿ ಮಾತಾಡಿ ಬಂದು, ‘1 ಲಕ್ಷ 45ಕ್ಕ ಕೊಡ್ತೀರೇನ್ರಿ?’ ಅಂದ. ಕೊಟ್ಟೆವು. 40 ಸಾವಿರ ಹೋಯಿತು.

ಆ 40 ಸಾವಿರ ಸಣ್ಣ ಮೊತ್ತವಲ್ಲ. ಸೊಸೈಟಿಯ ಕೊನೆ ಕಂತುಗಳು ಅದರಲ್ಲೇ ತೀರಬೇಕಿತ್ತು. ತೀರಿಸಲು ಅಪ್ಪ ಎರಡು ಎಮ್ಮೆಯಲ್ಲಿ ಒಂದನ್ನು ಮಾರಿದ. ಅಣ್ಣ ನಾಲ್ಕು ತಿಂಗಳು ನಮ್ಮ ಜೊತೆ ಮಾತಾಡಲಿಲ್ಲ. ಐದನೇ ತಿಂಗಳು ಊಟಕ್ಕೆ ಕೂತಾಗ, ‘ಅವತ್ತ ಪೇಪರಿಗಿ ಬರೀಬ್ಯಾಡ ಅಂದಾಗ ಸುಮ್ನ ಇದ್ದಿ. ಇವತ್ತ್ಯಾಕ ಬಾಯಿ ಬಂತು? ಗಾಂಧಿ ಚೌಕದಾಗ ನಿಂತೀವಿ ಅಂತೇನು?’ ಅಂದ. ಅವ್ವ ನಕ್ಕಳು. ನಾವೂ ನಕ್ಕೆವು. ಉತ್ತರ ಕೊಡಲಿಲ್ಲ. ಕೊಡಬಹುದಾದ ಉತ್ತರ, ಅವತ್ತು ಸುಮ್ಮನಿದ್ದೆವಲ್ಲ ಅದಕ್ಕೇ, ಅನ್ನುವುದು.

ಜಿಎಂ ಸತ್ತಿಲ್ಲ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ ಇಂದಿಗೂ ಹೆಚ್ಚು ಗಾಡಿ ಮಾರುವ ಕಂಪನಿಗಳಲ್ಲಿ ಒಂದು. ಆದರೆ ಹಿಂದೆ ಎರಡರಲ್ಲಿ ಒಂದು ಕಾರು ಅದರದಾಗಿದ್ದ ಕಡೆ ಈಗ ಆರರಲ್ಲಿ ಒಂದು. ಬೆಂಗಳೂರಿನ ತಾಂತ್ರಿಕ ಕೇಂದ್ರದಲ್ಲಿ ನಮ್ಮ ಮಕ್ಕಳು ಅದರ ಕಾರಿನ ಕೆಲಸ ಮಾಡುತ್ತಾರೆ, ಆ ಕಾರು ನಮ್ಮ ರಸ್ತೆಗೆ ಬರುವುದಿಲ್ಲ. 2021ರಲ್ಲಿ ಫೋರ್ಡ್ ಕೂಡ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಕಂಪನಿಗಳಿಗೆ ಹೋಗಲು ಇನ್ನೊಂದು ದೇಶ ಇರುತ್ತದೆ. ಗುತ್ತಿಗೆ ಹುಡುಗನಿಗೂ, ಬಂಗಾರ ಒತ್ತೆ ಇಟ್ಟ ಅವ್ವನಿಗೂ ಇರುವುದು ಇದೇ ಊರು.

ಮೂರು ವರ್ಷದ ಮೇಲೆ ಅಣ್ಣ ಫೋನ್ ಹಿಡಿದು ಬಂದ. ಹಳೇ ಗಾಡಿ ಮಾರುವ ಜಾಹೀರಾತು. ನಂಬರ್ ನೋಡಿದರೆ ನಮ್ಮದೇ ಟವೇರಾ. ಬಬಲೇಶ್ವರದ ಹುಡುಗ ಎಂದೋ ಮಾರಿದ್ದಿರಬೇಕು, ಈಗಿನ ಮಾಲೀಕ ಬೇರೆ ಯಾರೋ, ಬೇರೆ ಜಿಲ್ಲೆ. ಓಡಿದ್ದು ಎಷ್ಟು ಅಂತ ಬರೆದಿದ್ದ ಕಡೆ 1 ಲಕ್ಷ 20 ಸಾವಿರ ಅಂತಿತ್ತು.

ಅಣ್ಣ ಬಹಳ ಹೊತ್ತು ಫೋಟೊ ನೋಡಿದ. ‘ನೋಡೋ, ನಮ್ಮ ಗಾಡಿಗಿ ಹರೇ ಬಂದದ’ ಅಂದ.

ಹಳೇ ಗಾಡಿ ತಗೊಳ್ಳುವವರು ಇದನ್ನು ಓದುತ್ತಿದ್ದರೆ ಅಣ್ಣ ಹೇಳಿದ್ದನ್ನೇ ಬರೆಯುತ್ತೇವೆ. ಮೀಟರ್ ನೋಡಬೇಡಿ. ಬ್ರೇಕು, ಕ್ಲಚ್ಚಿನ ರಬ್ಬರ್ ಸವೆದಿದೆಯಾ ನೋಡಿ, ಸ್ಟೇರಿಂಗಿನ ಮೇಲ್ಭಾಗ ಕೈ ತಿಕ್ಕಿ ನುಣುಪಾಗಿದೆಯಾ ಮುಟ್ಟಿ ನೋಡಿ, ಚಾಲಕನ ಸೀಟು ಕುಸಿದಿದೆಯಾ ಕೂತು ನೋಡಿ. ಸರ್ವಿಸ್ ಚೀಟಿ ಕೇಳಿ, ಅದರಲ್ಲಿ ಕಿಲೋಮೀಟರ್ ಬರೆದಿರುತ್ತದೆ. ನಿಮ್ಮ ಮೇಸ್ತ್ರಿಯನ್ನು ಜೊತೆಗೆ ಒಯ್ಯಿರಿ. ಆಗದಿದ್ದರೆ ಅವ್ವನನ್ನಾದರೂ ಕರೆದೊಯ್ಯಿರಿ. ಆಕೆ ಗಾಡಿ ನೋಡುವುದಿಲ್ಲ, ಮಾರುವವನ ಮುಖ ನೋಡುತ್ತಾಳೆ.